ಎರಡನೇ ಚರಣ ಎಲ್ಲಿ?

ಇವತ್ತು ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್ ನಿಂತೇ ಬಿಟ್ಟಿತ್ತು. ಎಫ್‌ಎಂನಲ್ಲಿ ಎಂಬತ್ತರ ದಶಕದ ಹಾಡು ಬಂತು. ಎಸ್‌ಪಿಬಿ, ಜಾನಕಿ.

ಶುರುವಿನ ವಯೊಲಿನ್ ಪೂರ್ತಿ ಆರ್‌ಜೆ ಮಾತಿನಲ್ಲಿ ಮುಚ್ಚಿಹೋಯಿತು. ಹೋಗಲಿ ಅಂದುಕೊಂಡೆ. ಮೊದಲ ಚರಣ ಮುಗಿಯಿತು. ಇನ್ನೇನು ಕೊಳಲು ಬರಬೇಕು, ಆಮೇಲೆ ಎರಡನೇ ಚರಣ. ಕೊಳಲು ಉಸಿರೆತ್ತುವಷ್ಟರಲ್ಲಿ ಅಪಾರ್ಟ್‌ಮೆಂಟ್ ಜಾಹೀರಾತು! ಮೂರು ಬೆಡ್‌ರೂಮಂತೆ, ಈಜುಕೊಳವಂತೆ.

ಹಿಂದೆ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ರೆಕಾರ್ಡಿನ ಒಂದು ಬದಿಗೆ ಸುಮಾರು 3 ನಿಮಿಷ ಹಿಡಿಸುತ್ತಿತ್ತು, ಹಾಡೂ ಅಷ್ಟೇ ಇರುತ್ತಿತ್ತು. ಅದಕ್ಕೊಂದು ಕಾರಣ ಇತ್ತು. ಈಗೇನು ರೋಗ?

ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ 2001ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಆಗ ಕನ್ನಡ ಹಾಡು ಹಾಕಿ ಅಂತ ಗೋಗರೆಯಬೇಕಿತ್ತು. ಈಗ ಕನ್ನಡ ಧಾರಾಳವಾಗಿ ಬರುತ್ತೆ, ಖುಷಿಯೇ. ಆದರೆ ಬೆಳಿಗ್ಗೆ ಹಾಕಿದ್ದನ್ನೇ ಸಂಜೆಗೂ ಹಾಕುತ್ತಾರೆ. ಬರೆದವರ ಹೆಸರಂತೂ ಕೇಳಲೇಬೇಡಿ. ಆಕಾಶವಾಣಿಯಲ್ಲಿ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ನಿಧಾನವಾಗಿ ಹೇಳಿ ಆಮೇಲೆ ಹಾಡು ಹಾಕುತ್ತಿದ್ದರು, ನೆನಪಿದೆ ಅಲ್ವಾ?

ಜಾಹೀರಾತು ಬೇಡ ಅಂತಲ್ಲ, ಅವರ ಹೊಟ್ಟೆಪಾಡು. ಹಾಡು ಮುಗಿದ ಮೇಲೆ ಹಾಕ್ರಪ್ಪ, ಅಷ್ಟೇ.