ಕೊಡುವುದಕ್ಕೆ ಬೇಜಾರಿಲ್ಲ, ಕೇಳುವ ರೀತಿಗೆ ಬೇಜಾರು

ಮನೆಗೆ ಬಂದು ಕೂದಲಿಗೆ ಬಣ್ಣ ಹಚ್ಚುವ ಹುಡುಗಿಗೆ ಎಷ್ಟು ಟಿಪ್ಸ್ ಕೊಡುತ್ತೀರಿ ಅಂತ ಆ್ಯಪ್ ಕೇಳುವುದು, ಅವಳು ಇನ್ನೂ ನಮ್ಮ ಮನೆ ಬಾಗಿಲಿಗೆ ಬರುವ ಮೊದಲೇ. ದುಡ್ಡು ಕಟ್ಟುವ ಪರದೆಯಲ್ಲೇ 50, 75, 100 ಅಂತ ಮೂರು ಚೌಕ ಇರುತ್ತವೆ. ಕೆಲಸ ಹೇಗಾಯಿತು ಅಂತ ನೋಡದೆ ಖುಷಿಗೆ ಕೊಡುವುದು ಹೇಗೆ? ಕೊಡದೆ ಮುಂದೆ ಹೋದರೆ ಬರುವವಳಿಗೆ ಅದು ಮೊದಲೇ ಗೊತ್ತಾಗುತ್ತದೋ ಏನೋ ಅಂತ ಬೇರೆ ಅಳುಕು. ಇದು ನನಗೆ ಸರಿ ಕಾಣುವುದಿಲ್ಲ.

ನನಗೆ ಮಂಡಿನೋವು. ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಅದಕ್ಕೇ ಪಾರ್ಲರ್‌ಗೆ ಹೋಗುವುದನ್ನು ಬಿಟ್ಟು ಮನೆಗೇ ಕರೆಸುತ್ತೇನೆ. ಬರುವ ಹುಡುಗಿಯರು ಎಷ್ಟೋ ಜನ ಒಳ್ಳೆಯವರು, ಕೈಯಲ್ಲಿ ಕೆಲಸ ಇರುವವರು. ದೊಡ್ಡ ಬ್ಯಾಗು ಹೊತ್ತು ಮೆಟ್ಟಿಲು ಹತ್ತಿ ಬರುತ್ತಾರೆ. ಬ್ಯಾಗಿನಲ್ಲಿ ಟವೆಲ್ಲು, ಬಟ್ಟಲು, ಪ್ಲಾಸ್ಟಿಕ್ ಹಾಸು, ಎಲ್ಲ ಇರುತ್ತದೆ. ಹೋಗುವಾಗ ನೆಲ ಒರೆಸಿ ಹೋಗುತ್ತಾರೆ.

ಕಳೆದ ವರ್ಷ ಒಂದು ಸಲ ಹೀಗಾಯಿತು. ಬಣ್ಣದ ಪ್ಯಾಕೆಟ್ ಮೇಲೆ ಸ್ಪಷ್ಟವಾಗಿ ಬರೆದಿರುತ್ತಾರೆ, ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಗೋ ಸ್ವಲ್ಪ ಹಚ್ಚಿ ನೋಡಿ ಅಂತ. ಇಂಥ ಬಣ್ಣಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಅದು ಕೆಲವರ ಚರ್ಮಕ್ಕೆ ಆಗಿ ಬರುವುದಿಲ್ಲ. ನಾನು ಬುಕ್ ಮಾಡುವಾಗಲೇ ಇದನ್ನು ಬರೆದಿದ್ದೆ. ಬಂದ ಹುಡುಗಿಗೆ ಆ ಮಾತೇ ತಲುಪಿರಲಿಲ್ಲ. "ಮೇಡಂ, ಟೆಸ್ಟಿಗೆ ಬೇರೆ ವಿಸಿಟ್ ಇಲ್ಲ. ನನಗೆ ಇಲ್ಲಿ ಒಂದು ಗಂಟೆ ಅಷ್ಟೇ. ಮುಂದಿನದು ಉತ್ತರಹಳ್ಳಿ, ಲೇಟಾದ್ರೆ ನನಗೇ ಹೊಡೆತ" ಅಂದಳು. ಹಿಂದೆ ಪಾರ್ಲರ್‌ನಲ್ಲಿ ಹಚ್ಚಿಸಿಕೊಂಡಾಗ ಏನೂ ಆಗಿರಲಿಲ್ಲ, ಸರಿ ಹಚ್ಚಮ್ಮ ಅಂದೆ. ಅವತ್ತು ರಾತ್ರಿಯೇ ತಲೆಯೆಲ್ಲಾ ಕಡಿತ, ಕಿವಿಯ ಸುತ್ತ ಕೆಂಪು ಗಂಧೆ. ಡಾಕ್ಟರ ಹತ್ತಿರ ಹೋಗಬೇಕಾಯಿತು.

ಆದರೆ ನಾನು ಹೇಳಬೇಕೆಂದಿರುವುದು ಕಡಿತದ ವಿಷಯ ಅಲ್ಲ. ಅವಳು ಹೊರಡುವಾಗ ಆದದ್ದು. ಬಾಗಿಲಲ್ಲಿ ನಿಂತು, "ಮೇಡಂ, ಫೈವ್ ಸ್ಟಾರ್ ಕೊಡಿ, ಈಗಲೇ ಕೊಡಿ, ನಾನಿರುವಾಗಲೇ" ಅಂದಳು. ಯಾಕಮ್ಮ ಇಷ್ಟು ಅವಸರ ಅಂದೆ. ರೇಟಿಂಗ್ ಇಳಿದರೆ ಬುಕಿಂಗ್ ಕಡಿಮೆ ಕೊಡುತ್ತಾರಂತೆ. ಇನ್ನೂ ಇಳಿದರೆ ಐಡಿ ಬ್ಲಾಕ್. ಆಮೇಲೆ ಮತ್ತೆ ಟ್ರೈನಿಂಗ್, ಅದಕ್ಕೆ ಅವಳದೇ ದುಡ್ಡು. ಇದನ್ನೆಲ್ಲ ಕೇಳಿದ ಮೇಲೆ ನಾಲ್ಕು ಸ್ಟಾರ್ ಒತ್ತಲು ಕೈ ಹೋಗುತ್ತದಾ? ಐದು ಒತ್ತಿದೆ. ಕೈಗೆ 100 ರೂಪಾಯಿಯನ್ನೂ ಕೊಟ್ಟೆ. ರಾತ್ರಿ ಕಡಿತ ಶುರುವಾದಾಗ ನನ್ನ ದೂರನ್ನು ಎಲ್ಲಿ ಹೇಳಬೇಕು ಅನ್ನುವುದೇ ಗೊತ್ತಾಗಲಿಲ್ಲ.

ಮಾರನೇ ದಿನ ಕಂಪನಿಗೆ ಬರೆದೆ. ಹುಡುಗಿಯದು ತಪ್ಪಿಲ್ಲ, ಟೆಸ್ಟಿಗೆ ನೀವು ಸಮಯ ಇಟ್ಟಿಲ್ಲ, ನಾನು ಬರೆದ ಮಾತನ್ನು ಅವಳಿಗೆ ಮುಟ್ಟಿಸಿಲ್ಲ ಅಂತ ಬಿಡಿಸಿ ಬಿಡಿಸಿ ಬರೆದೆ. ಫೋನ್ ಮಾಡಿದವರು ಕ್ಷಮೆ ಕೇಳಿದರು, ಮುಂದಿನ ಸಲಕ್ಕೆ 200 ರೂಪಾಯಿಯ ಕೂಪನ್ ಕೊಟ್ಟರು. ಆಮೇಲೆ ಕೇಳಿದರು: "ಪ್ರೊಫೆಷನಲ್‌ದು ರೇಟಿಂಗ್ ಬದಲಾಯಿಸಬೇಕಾ ಮೇಡಂ?" ನನಗೆ ಸಿಟ್ಟು ಬಂದದ್ದು ಆಗ. ಎಷ್ಟು ಬಿಡಿಸಿ ಹೇಳಿದರೂ ದೂರು ಹೋಗಿ ಬೀಳುವುದು ಆ ಹುಡುಗಿಯ ತಲೆ ಮೇಲೇ. ಬೇರೆ ದಾರಿಯನ್ನೇ ಅವರು ಮಾಡಿಲ್ಲ.

ಸಂಬಳ ಕೊಡಬೇಕಾದವರು, ಸಮಯ ಕೊಡಬೇಕಾದವರು ಪಕ್ಕಕ್ಕೆ ಸರಿದಿದ್ದಾರೆ. ಕೆಲಸ ಮಾಡುವವರನ್ನೂ ಮಾಡಿಸಿಕೊಳ್ಳುವವರನ್ನೂ ಎದುರುಬದುರು ನಿಲ್ಲಿಸಿದ್ದಾರೆ. ಅವಳಿಗೆ ಸಂಬಳ ಸಾಲದಿದ್ದರೆ ನನ್ನ ಟಿಪ್ಸ್ ತುಂಬಬೇಕು. ಕೆಲಸ ಕೆಟ್ಟರೆ ನನ್ನ ಸ್ಟಾರ್ ಅವಳನ್ನು ಶಿಕ್ಷಿಸಬೇಕು. ಮ್ಯಾನೇಜರ್ ಕೆಲಸವನ್ನು ನಾನು ಸುಮ್ನೆ ಮಾಡಿಕೊಡಬೇಕು. ನಾನು ಯಾಕೆ ಮಾಡಬೇಕು?

ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗಾಗಿ, ಒಂದು ಕಾಯ್ದೆ ಮಾಡಿದೆ. ಕೆಲಸಗಾರರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ರೇಟಿಂಗ್ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದನ್ನು ಕೆಲಸಗಾರರಿಗೆ ತಿಳಿಸಬೇಕು. ಕೆಲಸದಿಂದ ತೆಗೆಯುವುದಿದ್ದರೆ ಕಾರಣ ಬರೆದು 14 ದಿನ ಮೊದಲೇ ನೋಟಿಸ್ ಕೊಡಬೇಕು. ಈ ಕೊನೆಯ ಎರಡು ಮಾತು ನಮ್ಮಂಥ ಗ್ರಾಹಕರಿಗೂ ಬೇಕಾದವು. ಅವಳ ಅನ್ನ ನನ್ನ ಒಂದು ಬೆರಳಿನ ಮೇಲೆ ನಿಂತಿಲ್ಲ ಅಂತ ಗೊತ್ತಾದರೆ ಮಾತ್ರ ನಾನು ಕೆಲಸದ ಬಗ್ಗೆ ನಿಜ ಹೇಳಬಹುದು. ಮುಂದೆ ಬಂದ ಇನ್ನೊಬ್ಬ ಹುಡುಗಿಗೆ ಈ ಕಾಯ್ದೆಯ ವಿಷಯ ಹೇಳಿದೆ. ಅವಳು ಕೇಳಿಯೇ ಇರಲಿಲ್ಲ.

ಆಟೋದ್ದೂ ಇದೇ ಕಥೆ. ಆ್ಯಪ್‌ನಲ್ಲಿ ಬುಕ್ ಮಾಡಿ ಕಾಯುತ್ತಾ ನಿಂತರೆ, 10, 20, 30 ಸೇರಿಸಿ, ಬೇಗ ಆಟೋ ಸಿಗುತ್ತದೆ ಅನ್ನುತ್ತದೆ. 2025ರ ಮೇ ತಿಂಗಳಲ್ಲಿ ಇದೇ ವಿಷಯಕ್ಕೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಒಂದು ದೊಡ್ಡ ಕ್ಯಾಬ್ ಕಂಪನಿಗೆ ನೋಟಿಸ್ ಕೊಟ್ಟಿತು. ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿಯವರು, ನಮ್ಮ ಧಾರವಾಡದ ಸಂಸದರು, ಮುಂಗಡ ಟಿಪ್ಸ್ ಕೇಳುವುದು ಅನ್ಯಾಯ ಅಂದರು. ಟಿಪ್ಸ್ ಸೇವೆ ಆದ ಮೇಲೆ ಖುಷಿಯಿಂದ ಕೊಡುವುದು, ಹಕ್ಕಲ್ಲ ಅಂತಲೂ ಹೇಳಿದರು. ಆ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಆದರೆ ಆಟೋದವರ ಕಡೆಯ ಮಾತೂ ಒಂದಿದೆ. ಬೆಂಗಳೂರಿನ ಮೀಟರ್ ದರ 2021ರ ಡಿಸೆಂಬರ್‌ನಲ್ಲಿ ಮೊದಲ 2 ಕಿಲೋಮೀಟರ್‌ಗೆ 30 ರೂಪಾಯಿ ಆಯಿತು, ಆಮೇಲೆ ಕಿಲೋಮೀಟರ್‌ಗೆ 15. ಮತ್ತೆ ಏರಿದ್ದು 2025ರ ಆಗಸ್ಟ್ 1ಕ್ಕೆ. ಈಗ 36 ಮತ್ತು 18. ನಡುವೆ ಮೂರೂವರೆ ವರ್ಷದ ಮೇಲಾಯಿತು. ಅಷ್ಟೂ ದಿನ ಮನೆ ಬಾಡಿಗೆ, ಮಕ್ಕಳ ಫೀಸು ನಿಂತಿದ್ದವಾ? ದರ ಹೊತ್ತಿಗೆ ಸರಿಯಾಗಿ ಪರಿಷ್ಕರಿಸದಿದ್ದರೆ "ಮೀಟರ್ ಮೇಲೆ ಇಪ್ಪತ್ತು ಕೊಡಿ" ಅನ್ನುವ ಮಾತು ಬಂದೇ ಬರುತ್ತದೆ. ಒಮ್ಮೆ ರೂಢಿಯಾಯಿತೆಂದರೆ ದರ ಏರಿದ ಮೇಲೂ ಆ ಇಪ್ಪತ್ತು ಹೋಗುವುದಿಲ್ಲ. ಈಗ 36ರ ಮೇಲೂ ಕೇಳುತ್ತಾರೆ.

ಹೋಟೆಲಿನ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ನಿಯಮ ಸ್ಪಷ್ಟ ಇದೆ. ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾವಾಗಿಯೇ ಸೇರಿಸುವಂತಿಲ್ಲ ಅಂತ 2022ರ ಜುಲೈನಲ್ಲೇ ಅದೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರಿ ಅನ್ನಿ. ತೆಗೆಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಮ್ಮ ದರ್ಶಿನಿಗಳಲ್ಲಿ ಈ ರಗಳೆಯೇ ಇಲ್ಲ. ಟೋಕನ್ ತಗೊಂಡು ನಿಂತು ತಿಂದು ಬಂದರಾಯಿತು. ಕೂತು ತಿನ್ನುವ ಹಳೆ ಹೋಟೆಲುಗಳಲ್ಲಿ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬಿಟ್ಟು ಬರುವುದು ನನಗೆ ಇಷ್ಟ. ಅಲ್ಲಿ ಯಾರೂ ಕೈ ನೋಡುತ್ತಾ ನಿಂತಿರುವುದಿಲ್ಲ. ಸಪ್ಲೈಯರ್ ಆಗಲೇ ಪಕ್ಕದ ಟೇಬಲ್ಲಿಗೆ ಹೋಗಿರುತ್ತಾನೆ.

ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಕೂದಲು ಕತ್ತರಿಸಿಕೊಂಡರೆ ಬಿಲ್ಲಿನ ಮೇಲೆ ಶೇಕಡಾ 20 ಕೊಡಲೇಬೇಕು ದೊಡ್ಡಮ್ಮ, ಇಲ್ಲದಿದ್ದರೆ ಮುಂದಿನ ಸಲ ಹೋಗಲು ಮುಖ ಇರುವುದಿಲ್ಲ ಅನ್ನುತ್ತಾಳೆ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್. 1991ರಿಂದ ಅದು ಬದಲಾಗಿಲ್ಲ. ಬೇರೆ ಕೆಲಸಗಾರರಿಗೆ 7.25. ನಡುವಿನ ವ್ಯತ್ಯಾಸವನ್ನು ಗಿರಾಕಿಯ ಟಿಪ್ಸ್ ತುಂಬಬೇಕು, ತುಂಬದಿದ್ದರೆ ಮಾಲೀಕ ಕೊಡಬೇಕು. ಎಷ್ಟೋ ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ, ಸರಿ. ಆದರೂ ಗಿರಾಕಿಯ ಜೇಬನ್ನೇ ಸಂಬಳದ ಲೆಕ್ಕದಲ್ಲಿ ಹಿಡಿದ ವ್ಯವಸ್ಥೆ ಅದು. ನಮ್ಮ ಫೋನಿನ 50, 75, 100ರ ಚೌಕಗಳನ್ನು ನೋಡಿದಾಗ ಅದು ಇಲ್ಲಿಗೂ ಬರುತ್ತಿದೆ ಅನ್ನಿಸುತ್ತದೆ. ಬರಬಾರದು.

ನನ್ನ ಬಾಣಂತನ ಆದದ್ದು ತಿಪಟೂರಿನಲ್ಲಿ, ಅಮ್ಮನ ಮನೆಯಲ್ಲಿ. ಮಗುವಿಗೆ ಎರೆಯಲು ಒಬ್ಬ ಅಜ್ಜಿ ಬರುತ್ತಿದ್ದರು. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರಬೇಕು, ಹರಳೆಣ್ಣೆ ಬೆಚ್ಚಗಿರಬೇಕು. ಮಣೆ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಿದ್ದರು. ಮುಗಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ. ಅಮ್ಮ ಮೊದಲ ದಿನವೇ ಅವರ ಜೊತೆ ಕೂತು ಮಾತಾಡಿದ್ದಳು. ತಿಂಗಳಿಗೆ ಇಷ್ಟು ದುಡ್ಡು, ಇಷ್ಟು ರಾಗಿ, ಬೆಳಗ್ಗೆ ತಿಂಡಿ ಕಾಫಿ. ಮಾತಾದ ಮೇಲೆ ಚೌಕಾಸಿ ಇಲ್ಲ. ಬಿಸಿ ಜಾಸ್ತಿ ಆದರೆ ನಾನು ನೇರವಾಗಿ ಹೇಳುತ್ತಿದ್ದೆ. "ಅಜ್ಜಿ, ಮಗು ಬೆನ್ನು ಕೆಂಪಾಗಿದೆ ನೋಡಿ." ಅವರೂ ನೇರವಾಗಿ, "ಎಳೇ ಮೈಗೆ ಶಾಖ ಬೇಕು ಕಣವ್ವ, ನೀನು ಸುಮ್ನಿರು" ಅಂತ ಗದರಿ, ಆಮೇಲೆ ಒಂದು ಚೊಂಬು ತಣ್ಣೀರು ಬೆರೆಸುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಯಾರ ಅನ್ನಕ್ಕೂ ಕುತ್ತು ಬರುತ್ತಿರಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ಅಮ್ಮ ಅವರಿಗೆ ಸೀರೆ, ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೆ ದುಡ್ಡು ಇಟ್ಟು ಕೊಟ್ಟಳು. ಸಂಬಳ ಬೇರೆ ಸಂದಿತ್ತು. ಸೀರೆ ಸಂಬಳದಲ್ಲಿ ಲೆಕ್ಕವಾಗಿರಲಿಲ್ಲ. ಹಾಗಂತ ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಆಸೆ ನನಗಿಲ್ಲ. ಅದೇ ಬೀದಿಯಲ್ಲಿ ಹಬ್ಬಕ್ಕೊಂದು ಹಳೇ ಸೀರೆ ಕೊಟ್ಟು, ವರ್ಷಗಟ್ಟಲೆ ಸಂಬಳ ಏರಿಸದೆ ತಪ್ಪಿಸಿಕೊಂಡ ಮನೆಗಳಿದ್ದವು. ಎರೆಯುವ ಅಜ್ಜಿಗೆ ಹಿತ್ತಲಲ್ಲೇ ಬೇರೆ ಲೋಟದಲ್ಲಿ ಕಾಫಿ ಕೊಟ್ಟ ಮನೆಗಳೂ ಇದ್ದವು. ಕೂಲಿಯ ಜಾಗದಲ್ಲಿ ಉಡುಗೊರೆ ಬಂದು ಕೂತರೆ ಅನ್ಯಾಯ ಆಗುವುದು ಆಗಲೂ ಇತ್ತು, ಈಗಲೂ ಇದೆ.

ಈಗ ನಮ್ಮ ಬಿಲ್ಡಿಂಗ್‌ನ ಗ್ಯಾಸ್ ವಿಷಯ. ಇದು ಹನುಮಂತನಗರದ ಒಂದು ಹಳೆ ಕಟ್ಟಡ. ಸಿಲಿಂಡರ್ ಬಿಲ್ಲಿನಲ್ಲಿ ಮನೆಗೆ ತಲುಪಿಸುವ ಖರ್ಚು ಸೇರಿಯೇ ಇರುತ್ತದೆ. ಆದರೂ ಪ್ರತಿ ಸಲ ಸಿಲಿಂಡರ್ ತರುವವನಿಗೆ ಮೇಲೆ 50 ಕೊಡಬೇಕು. ಕೊಡದ ಮನೆಗೆ ಮುಂದಿನ ಸಲ "ಬಾಗಿಲು ಹಾಕಿತ್ತು" ಅಂತ ಮೆಸೇಜು. ಕೆಳಗಿನ ಮನೆಯ ವಯಸ್ಸಾದವರು ಇಡೀ ದಿನ ಬಾಗಿಲಲ್ಲೇ ಕೂತಿದ್ದಾಗಲೂ ಹಾಗೇ ಬಂತು. ತೂಕ ಮಾಡಿ ತೋರಿಸಪ್ಪ ಅಂದರೆ ಮೆಷಿನ್ ಗಾಡಿಯಲ್ಲಿದೆ ಅನ್ನುತ್ತಾನೆ. ತೂಕ ನೋಡಿ ತಗೊಳ್ಳುವುದು ನಮ್ಮ ಹಕ್ಕು.

ಇನ್ನೊಂದು ಕಡೆ ಅವನನ್ನು ನೋಡಿ. 14.2 ಕೆಜಿ ಗ್ಯಾಸು, ಮೇಲೆ ಸಿಲಿಂಡರ್‌ನದೇ ಹದಿನೈದು ಹದಿನಾರು ಕೆಜಿ. 30 ಕೆಜಿ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತುತ್ತಾನೆ. ಏಜೆನ್ಸಿಗೆ ಫೋನ್ ಮಾಡಿದೆ. "ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ ಮೇಡಂ, ಕೇಳಿದ್ರೆ ಹೆಸರು ಹೇಳಿ" ಅಂದರು. ಅವನನ್ನು ಕೇಳಿದೆ. "ನಮಗೆ ಸಿಲಿಂಡರ್ ಲೆಕ್ಕ ಅಮ್ಮ. ನೆಲಮಹಡಿಗೂ ಅಷ್ಟೇ, ಮೂರನೇ ಮಹಡಿಗೂ ಅಷ್ಟೇ" ಅಂದ. ನಾನು ಹೆಸರು ಹೇಳಲಿಲ್ಲ. ಹೇಳುವುದೂ ಇಲ್ಲ.

ಬದಲಿಗೆ ಏಜೆನ್ಸಿಗೆ ಒಂದು ಪತ್ರ ಬರೆದಿದ್ದೇನೆ. ಮಹಡಿ ಹತ್ತಿದ್ದಕ್ಕೆ ಅವನಿಗೆ ನೀವೇ ಬೇರೆ ಕೂಲಿ ಕೊಡಿ, ತೂಕದ ಮೆಷಿನ್ ಮೇಲೆ ತರಲು ಹೇಳಿ, ಸುಳ್ಳು ಮೆಸೇಜು ನಿಲ್ಲಿಸಿ. ಅವರು ಒಪ್ಪುವವರೆಗೆ ನಾವೇ ಮಹಡಿ ಲೆಕ್ಕದಲ್ಲಿ ಕೊಡೋಣ, ಎಷ್ಟು ಅಂತ ಮೆಟ್ಟಿಲ ಹತ್ತಿರ ಬರೆದು ಹಾಕೋಣ ಅಂತ ಭಾನುವಾರದ ಮೀಟಿಂಗ್‌ನಲ್ಲಿ ಹೇಳಿದೆ. ನೆಲಮಹಡಿಯವರು ಕೂಡಲೇ ಒಪ್ಪಿದರು, ಅವರಿಗೆ ಉಳಿಯುತ್ತದಲ್ಲ. ಎರಡನೇ ಮಹಡಿಯವರೊಬ್ಬರು, ಬರೆದು ಹಾಕಿದರೆ ಕೊಡಲೇಬೇಕಾಗುತ್ತದಲ್ವಾ ಅಂದರು. ಹೌದು, ಕೊಡಲೇಬೇಕು, ಅದಕ್ಕೇ ಬರೆಯೋಣ ಅನ್ನುವುದು ಅಂದೆ. ಪತ್ರಕ್ಕೆ ಎಲ್ಲರ ಸಹಿ ಇನ್ನೂ ಆಗಿಲ್ಲ.

ಮೂರನೇ ಮಹಡಿಗೆ ಎಷ್ಟು ಹಾಕೋಣಪ್ಪ ಅಂತ ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ನಲವತ್ತು ಸಾಕು ಅಮ್ಮ. ಮಳೆ ಬಂದ ದಿನ ಹತ್ತು ಜಾಸ್ತಿ ಹಾಕಿ, ಮೆಟ್ಟಿಲು ಜಾರುತ್ತೆ" ಅಂದ. ಅದನ್ನೂ ಬರೆದುಕೊಂಡಿದ್ದೇನೆ.