ಒಡೆಯರಿಗೇ ಗೇಣಿಚೀಟಿ

ಜನವರಿ 26 ಊರಿನಲ್ಲಿ ಗಣರಾಜ್ಯೋತ್ಸವ, ಇಲ್ಲಿ ಆಸ್ಟ್ರೇಲಿಯಾ ದಿನ. 1788ರಲ್ಲಿ ಬ್ರಿಟಿಷರು ಸಿಡ್ನಿ ಕೋವ್‌ನಲ್ಲಿ ಬಾವುಟ ನೆಟ್ಟ ತಾರೀಖು ಅದು. ಇಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಜನ 1938ರಲ್ಲೇ ಅದನ್ನು ಶೋಕದಿನವೆಂದು ಸಾರಿದರು. ರಾಜಧಾನಿ ಕ್ಯಾನ್‌ಬೆರಾದ ಹಳೆಯ ಸಂಸತ್ ಭವನದೆದುರು ಹುಲ್ಲುಹಾಸಿನ ಮೇಲಿರುವ ಡೇರೆಗಳ ಕಥೆಯೂ ಈ ತಾರೀಖಿನದೇ.

1971ರಲ್ಲಿ ಉತ್ತರದ ಯಿರ್ಕಾಲಾದ ಯೋಲ್ಙು ಎಂಬ ಅಬೊರಿಜಿನಲ್ ಜನ ತಮ್ಮ ನೆಲಕ್ಕಾಗಿ ಗಣಿ ಕಂಪನಿಯ ವಿರುದ್ಧ ಹೂಡಿದ್ದ ದಾವೆ ಬಿದ್ದುಹೋಯಿತು. ಅವರಿಗೆ ತಮ್ಮದೇ ಕಟ್ಟಳೆಗಳಿವೆ ಎಂದು ನ್ಯಾಯಾಧೀಶರು ಒಪ್ಪಿದರು. ಆದರೆ ಅವು ಬ್ರಿಟಿಷರು ತಂದ ಕಾನೂನಿನ ಲೆಕ್ಕದಲ್ಲಿ ಆಸ್ತಿಹಕ್ಕಲ್ಲ ಎಂದರು. 1972ರ ಜನವರಿ 25ರಂದು ಪ್ರಧಾನಿ ವಿಲಿಯಂ ಮೆಕ್‌ಮಹನ್ ಅಬೊರಿಜಿನಲ್ ಜನರಿಗೆ ಘೋಷಿಸಿದ್ದು 50 ವರ್ಷದ ಗೇಣಿಯನ್ನು, ಒಡೆತನವನ್ನಲ್ಲ. ಅದಕ್ಕೂ ನೆಲವನ್ನು ತಕ್ಕಂತೆ ಬಳಸುವ ಇರಾದೆ, ಸಾಮರ್ಥ್ಯ ಎರಡನ್ನೂ ತೋರಿಸಬೇಕಿತ್ತು. ಗೇಣಿದಾರರನ್ನು ಒಡೆಯರನ್ನಾಗಿಸಿದ 1974ರ ಕಾನೂನು ಕಂಡ ಕರ್ನಾಟಕದವರಿಗೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಿಲ್ಲ: ಇಲ್ಲಿ ಒಡೆಯರನ್ನೇ ಗೇಣಿಗೆ ಇಳಿಸಲು ಹೊರಟಿದ್ದರು.

ಮರುದಿನ ಮೈಕೆಲ್ ಆಂಡರ್ಸನ್, ಬಿಲ್ಲಿ ಕ್ರೇಗಿ, ಬರ್ಟ್ ವಿಲಿಯಮ್ಸ್, ಟೋನಿ ಕೂರಿ ಎಂಬ ನಾಲ್ವರು ಅಬೊರಿಜಿನಲ್ ಯುವಕರು ಆ ಹುಲ್ಲಿನ ಮೇಲೆ ಕಡಲತೀರದ ಕೊಡೆಯೊಂದನ್ನು ನೆಟ್ಟರು. ಸ್ವಂತ ನೆಲದಲ್ಲೇ ಪರದೇಶಿಗಳಾದ ಮೇಲೆ ರಾಯಭಾರ ಕಚೇರಿ ಬೇಕಲ್ಲ! ಹೆಸರೂ ಅದೇ ಆಯಿತು. ಅಲ್ಲಿ ಡೇರೆ ಹಾಕಬಾರದೆಂಬ ಕಾನೂನೇ ಇಲ್ಲದ್ದರಿಂದ ಪೊಲೀಸರ ಕೈ ಕಟ್ಟಿತ್ತು. ಸರ್ಕಾರ ಕಾನೂನು ತಿದ್ದಿ, ಜುಲೈ 20ರಂದು ಡೇರೆ ಕೀಳಿಸಿತು. 23ರಂದು ಮತ್ತೆ ಹಾಕಿದಾಗ ಹೊಡೆದಾಟವಾಯಿತು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ, ಆ ತಿದ್ದುಪಡಿ ಸರಿಯಾದ ಕ್ರಮದಲ್ಲಿ ಜಾರಿಗೇ ಬಂದಿರಲಿಲ್ಲ ಎಂದಿತು. 1992ರಿಂದ ಡೇರೆಗಳು ಕಾಯಮ್ಮಾಗಿ ಅಲ್ಲಿವೆ.

ಅದೇ 1992ರ ಜೂನ್ 3ರಂದು, ಎಡ್ಡಿ ಮಾಬೊ ಮತ್ತಿತರರು ಹೂಡಿದ್ದ ನೆಲದ ದಾವೆಯಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯದ ಮಾಬೊ ತೀರ್ಪು ಬಂತು; ಯಾರದೂ ಅಲ್ಲದ ನೆಲ ಎಂಬ ಹಳೆಯ ಸುಳ್ಳು ಬಿತ್ತು. ಆದರೂ ಸರ್ಕಾರ ಪೂರ್ಣ ಒಡೆತನಕ್ಕೆ ಮಾರಿದ ಕಡೆ ಮೂಲನಿವಾಸಿಗಳ ನೆಲದ ಹಕ್ಕು ಅಳಿದಂತೆಯೇ ಲೆಕ್ಕ. ಉಳಿದ ಕಡೆ, ನೆಲದೊಂದಿಗಿನ ನಂಟು ಕಡಿದಿಲ್ಲವೆಂದು ಸಾಬೀತು ಮಾಡಬೇಕು. ಹೊಡೆದೋಡಿಸಿದವರನ್ನೇ "ಏಕೆ ಬಿಟ್ಟು ಹೋದಿರಿ" ಎಂದು ಕೇಳಿದ ಹಾಗೆ ಇದು.

ಸಿಡ್ನಿಯ ಜನವರಿ 26ರ ಪ್ರತಿಭಟನಾ ಮೆರವಣಿಗೆಯನ್ನು ಟೀವಿಯಲ್ಲಿ ನೋಡಿ "ಪರ್ಮಿಶನ್ ಕೊಡುವವರು ಯಾರು" ಎಂದು ಊರಿನವರು ಕೇಳುತ್ತಾರೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅದು ಪರ್ಮಿಶನ್ ಅಲ್ಲ, ನೋಟಿಸ್. ದಿನ, ಹೊತ್ತು, ಹಾದಿ, ಅಂದಾಜು ಜನಸಂಖ್ಯೆ ಬರೆದು ಪೊಲೀಸರಿಗೆ ಕೊಡಬೇಕು. 7 ದಿನ ಮೊದಲೇ ಕೊಟ್ಟಿದ್ದರೆ, ಬೇಡವೆನ್ನುವ ಪೊಲೀಸರೇ ಕೋರ್ಟಿಗೆ ಹೋಗಬೇಕು. ತಡವಾದರೆ ಆ ಹೊರೆ ಸಂಘಟಕರದು. ನೋಟಿಸ್ ಊರ್ಜಿತವಾದರೆ ರಸ್ತೆ ತಡೆದ ಆರೋಪದಿಂದ ರಕ್ಷಣೆ ಉಂಟು, ಬರೆದುಕೊಟ್ಟ ಹಾದಿಯಲ್ಲೇ ನಡೆದರೆ ಮಾತ್ರ.