ಬೆಣೆಯ ದಪ್ಪ ತುದಿ ಯಾವ ಕಡೆಗೆ?

ಶಿರಸಿಯ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಕಾಲ ಹಳೆಯ ಜೀಪುಗಳ ಮುಂದಿನ ಆಕ್ಸಲ್ ಬಿಚ್ಚಿ ಜೋಡಿಸಿದ ನನಗೆ, ಯುವಕನೊಬ್ಬ ಮನೆಯ ಕೊಟ್ಟಿಗೆಯಲ್ಲಿ ತಾನೇ ಕಟ್ಟಿದ ಹಾಟ್ ರಾಡ್‌ನ, ಅಂದರೆ ಹಳೆಯ ಗಾಡಿಯನ್ನು ವೇಗಕ್ಕೆಂದು ಮಾರ್ಪಡಿಸಿದ ಕಾರಿನ, ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಕೆ) ಮಾಡಿಕೊಡುವುದು ಅರ್ಧ ದಿನದ ಕೆಲಸವೆಂದೇ ತೋರಿತ್ತು. ಮೂರು ದಿನ ಹಿಡಿಯಿತು. ಎರಡು ದಿನ ನನ್ನ ತಪ್ಪಿನಿಂದಲೇ ಹೋದವು.

ಅದರ ಮುಂಭಾಗದಲ್ಲಿದ್ದುದು ಹಳೆಯ ಸಣ್ಣ ಲಾರಿಯ ಐ-ಬೀಮ್ ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವಿನ ಒಂದೇ ಉಕ್ಕಿನ ತೊಲೆ. ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕ್ಯಾಂಬರ್ ಕೋನ ಇಂಥ ಆಕ್ಸಲ್‌ನಲ್ಲಿ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಪ್ರೆಸ್‌ನಲ್ಲಿ ಬಗ್ಗಿಸದೆ ಬದಲಾಗದು. ನಮ್ಮ ಕೈಯಲ್ಲಿ ಉಳಿಯುವುದು ಕ್ಯಾಸ್ಟರ್ ಮತ್ತು ಟೋ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವುದೇ ಪಾಸಿಟಿವ್ ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಬಹುಮಟ್ಟಿಗೆ ಇದರಿಂದ. ಬೀಮ್ ಆಕ್ಸಲ್ಲಿನ ಹಾಟ್ ರಾಡ್‌ಗೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಇಡುತ್ತಾರೆ. ಇಲ್ಲಿ 3 ಇತ್ತು. ಆದ್ದರಿಂದ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಆದ ಕಮಾನುಪಟ್ಟಿಗೂ ಆಕ್ಸಲ್‌ಗೂ ನಡುವೆ 2 ಡಿಗ್ರಿಯ ಉಕ್ಕಿನ ಬೆಣೆಯನ್ನು, ದಪ್ಪ ತುದಿ ಮುಂದೆ ಬರುವಂತೆ ಇಟ್ಟು, ಅವುಗಳನ್ನು ಕಟ್ಟಿಹಿಡಿಯುವ ಯು-ಬೋಲ್ಟ್ ಬಿಗಿದೆ. ಮತ್ತೊಮ್ಮೆ ಅಳೆಯಲಿಲ್ಲ.

ದೇವಿಮನೆ ಘಟ್ಟ ಇಳಿಸಿ ಕುಮಟಾಕ್ಕೆ ಓಡಿಸಬೇಕೆಂಬುದು ಹುಡುಗನ ಆಸೆ. ನೋಂದಾಯಿತ ವಾಹನದ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ ಎಂದು ಹೇಳಿ, ಅವರ ತೋಟದ ಖಾಸಗಿ ರಸ್ತೆಯಲ್ಲೇ ಓಡಿಸಿ ನೋಡಿದೆವು. ವೇಗ 40 ಕಿ.ಮೀ. ತಲುಪುವಷ್ಟರಲ್ಲಿ ಗಾಡಿ ಅತ್ತಿತ್ತ ಅಲೆಯತೊಡಗಿತು. “ಅಣ್ಣಾ, ಕೈ ಬಿಟ್ಟರೆ ಗದ್ದೆಗೇ ಹೋಗುತ್ತದೆ” ಎಂದ ಅವನು. ನಾನು ಟೋ ಮೇಲೆ ಸಂಶಯಪಟ್ಟು, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ತಿರುಗಿಸುತ್ತ ಒಂದು ದಿನ ಕಳೆದೆ.

ಕೊನೆಗೆ ಕಿಂಗ್‌ಪಿನ್ ಹಿಡಿದಿರುವ, ಆಕ್ಸಲ್ ತುದಿಯ ಉಬ್ಬುಭಾಗದ ಸಮತಟ್ಟು ಮುಖಕ್ಕೆ ಕೋನಮಾಪಕ ಹಚ್ಚಿದೆ. ಮಳೆನೀರು ಹರಿದುಹೋಗಲೆಂದು ನಮ್ಮ ಕಡೆಯ ಅಂಗಳಗಳಿಗೆ ಇಳಿಜಾರು ಇಟ್ಟಿರುತ್ತಾರಾದ್ದರಿಂದ, ಗಾರೆಯವರ ನೀರಿನ ಪೈಪಿನಿಂದ ಮಟ್ಟ ನೋಡಿ, ತಗ್ಗಿನ ಚಕ್ರಗಳ ಕೆಳಗೆ ಹಲಗೆಯಿಟ್ಟು ಅಳೆದಾಗ, ಬಂದದ್ದು 1 ಡಿಗ್ರಿ. ಬೆಣೆ ಕ್ಯಾಸ್ಟರನ್ನು ಏರಿಸುವ ಬದಲು ಇಳಿಸಿತ್ತು.

ಹಳೆಯ ಜೀಪಿನಲ್ಲಿ ಕಮಾನುಪಟ್ಟಿ ಆಕ್ಸಲ್‌ನ ಕೆಳಗಿರುತ್ತದೆ. ದಪ್ಪ ತುದಿ ಮುಂದಿದ್ದರೆ ಆಕ್ಸಲ್‌ನ ಮುಂಭಾಗ ಮೇಲಕ್ಕೆದ್ದು ಕಿಂಗ್‌ಪಿನ್ ಹಿಂದಕ್ಕೆ ವಾಲುತ್ತದೆ. ಈ ಗಾಡಿಯಲ್ಲಿ ಪಟ್ಟಿ ಆಕ್ಸಲ್‌ನ ಮೇಲಿತ್ತು. ಅಲ್ಲಿ ಅದೇ ಬೆಣೆ ಆಕ್ಸಲ್‌ನ ಮುಂಭಾಗವನ್ನು ಕೆಳಕ್ಕೆ ಒತ್ತುತ್ತದೆ. ಕೈಗೆ ರೂಢಿಯಾದದ್ದನ್ನು ಕಣ್ಣು ಪರೀಕ್ಷಿಸಲೇ ಇಲ್ಲ.

ದಪ್ಪ ತುದಿಯನ್ನು ಹಿಂದಕ್ಕೆ ತಿರುಗಿಸಿ, ಪಟ್ಟಿಯ ನಡುಬೋಲ್ಟಿನ ತಲೆ ತನ್ನ ಕುಳಿಯಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಿ ಬಿಗಿದಾಗ 5 ಡಿಗ್ರಿ ಬಂತು. ಟೋ ಕೊನೆಗೇ ಮಾಡಬೇಕು, ಏಕೆಂದರೆ ಕ್ಯಾಸ್ಟರ್ ಬದಲಾದರೆ ಅದೂ ಅಲುಗುತ್ತದೆ. ಚಕ್ರ ಎತ್ತಿ ತಿರುಗಿಸುತ್ತ ಟೈರಿನ ಸುತ್ತ ಸೀಮೆಸುಣ್ಣ ಬಳಿದು, ಅದರ ಮೇಲೆ ಮೊಳೆಯಿಂದ ಗೆರೆ ಕೊರೆದೆ. ಗಾಡಿಯನ್ನು ಕೆಳಗಿಳಿಸಿ, ಒಂದಿಷ್ಟು ಮುಂದೆ ತಳ್ಳಿ, ಆಕ್ಸಲ್ ಎತ್ತರದಲ್ಲಿ ಗೆರೆಗಳ ಅಂತರ ಅಳೆದು, ಹಿಂದಿಗಿಂತ ಮುಂದೆ 3 ಮಿ.ಮೀ. ಕಡಿಮೆ ಇರುವಂತೆ ಟೈ ರಾಡ್ ಹೊಂದಿಸಿದೆ. ಮರುದಿನ ತೋಟದಲ್ಲಿ ಓಡಿಸಿ ಬಂದ ಮೇಲೆ ಯು-ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿದೆ. ನಾಲ್ಕರಲ್ಲಿ ಎರಡರ ನಟ್‌ಗಳು ಕಾಲು ಸುತ್ತು ತಿರುಗಿದವು.